ಕೊಯ್ಯದೆ ಬಿಟ್ಟ ಹೊಟ್ಟೆ

ಪ್ಯಾಂಟಿಗೆ ಸೊಂಟಪಟ್ಟಿ ಕೂರಿಸುತ್ತಿದ್ದ ದರ್ಜಿಗೆ ಹೊಟ್ಟೆಯ ಬಲಗಡೆ, ಕೆಳಗೆ, ಸೂಜಿ ಚುಚ್ಚಿದ ಹಾಗಾಯಿತು. ಅಂಗಿ ಎತ್ತಿ ನೋಡಿಕೊಂಡ. ಸೂಜಿ ಇರಲಿಲ್ಲ. ಇದ್ದಿದ್ದರೆ ಕಿತ್ತು ಹಾಕಿ ಕೆಲಸ ಮುಂದುವರಿಸಬಹುದಿತ್ತು.

"ರಾತ್ರಿ ಹೊಕ್ಕಳ ಸುತ್ತ ನೋಯ್ತಿತ್ತು. ಈಗ ಇಲ್ಲಿಗೆ ಇಳಿದಿದೆ," ಎಂದು ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಅಂಗಡಿಯ ಅಕ್ಕನಿಗೆ ಹೇಳಿದ.

ಅಕ್ಕ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ತೀರ್ಪು ಕೊಟ್ಟಳು. "ಅಪೆಂಡಿಕ್ಸ್ ಅದು. ನಮ್ಮ ಮಾವನಿಗೂ ಹೀಗೇ ಇಳಿದಿತ್ತು. ಒಡೆದುಹೋದ್ರೆ ಕಥೆ ಮುಗೀತು. ಕೊಯ್ಯಲೇಬೇಕು."

ಅಂಗಡಿಯ ಇಸ್ತ್ರಿಯವನು ಕೈಯಲ್ಲಿದ್ದ ಪೆಟ್ಟಿಗೆ ಇಳಿಸಿ ಬಂದು ತನ್ನ ಹೊಟ್ಟೆಯ ಮೇಲಿನ ಗುರುತು ತೋರಿಸಿದ. ಹರಿದ ಗೋಣಿಚೀಲವನ್ನು ಅವಸರಕ್ಕೆ ಹೊಲಿದ ಹಾಗಿತ್ತು. "ಕೊಯ್ಯುವಾಗ ಏನೂ ಗೊತ್ತಾಗಲ್ಲ ತಮ್ಮಾ. ಆಮೇಲೆ ಕೆಮ್ಮುವಾಗ ಗೊತ್ತಾಗುತ್ತೆ."

ದರ್ಜಿ ತನ್ನ ಅಂಗಿ ಕೆಳಗೆ ಎಳೆದುಕೊಂಡ. ಗಿರಾಕಿಗಳ ಮುಂದೆ ಏನೇ ಹೇಳಲಿ, ಬಿಚ್ಚಿ ಹೊಲಿದದ್ದು ಮೊದಲಿನ ಹಾಗೆ ಕೂರುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಹೆಂಡತಿಯ ಅಣ್ಣ. ದಾರಿಯುದ್ದಕ್ಕೂ ಧೈರ್ಯ ತುಂಬಿದ. "ಹೆದರಬೇಡ. ನಿನಗೇನಾದ್ರೂ ಆದ್ರೆ ತಂಗೀನ ನಾನು ನೋಡ್ಕೋತೀನಿ."

ಅಲ್ಲಿಯವರೆಗೆ ದರ್ಜಿ ಅಷ್ಟು ಹೆದರಿರಲಿಲ್ಲ.

ಡಾಕ್ಟರಮ್ಮ ಹೊಟ್ಟೆ ಒತ್ತಿದರು, ಸ್ಕ್ಯಾನಿನ ಚಿತ್ರ ನೋಡಿದರು. "ಅಪೆಂಡಿಕ್ಸಿನ ಬಾಯಿಗೆ ಮಲ ಕಲ್ಲಾಗಿ ಸಿಕ್ಕಿಕೊಂಡಿದೆ. ಒಳಗೆ ಕೀವಾಗಿದೆ, ಪುಣ್ಯಕ್ಕೆ ಒಡೆದಿಲ್ಲ. ಕೊಯ್ದು ತೆಗೀಬಹುದು. ನಿಮ್ಮಂಥ ಕೇಸಿನಲ್ಲಿ ಕೊಯ್ಯದೆಯೂ ಸರಿಮಾಡಬಹುದು."

"ಕೊಯ್ಯದೇ ಮಾಡಿ ಅಮ್ಮಾ."

"ಪೂರ್ತಿ ಕೇಳಿಸ್ಕೊಳ್ಳಿ. ಕ್ಯಾಮೆರಾ ಇರೋ ಕೊಳವೆಯನ್ನ ಹಿಂದಿನಿಂದ ಒಳಗೆ ಬಿಡ್ತೀವಿ. ದೊಡ್ಡ ಕರುಳು ದಾಟಿ ಹೋಗಿ, ಕಲ್ಲು ತೆಗೆದು, ಕೀವು ತೊಳೆದು ಬರ್ತೀವಿ."

"ಹಿಂದಿನಿಂದ ಅಂದ್ರೆ?"

ಭಾವ ಕಿಟಕಿಯಾಚೆ ನೋಡತೊಡಗಿದ. "ಈಗ ಯಾವುದರ ಮೇಲೆ ಕೂತಿದ್ದೀರೋ, ಅಲ್ಲಿಂದ," ಎಂದರು ಡಾಕ್ಟರಮ್ಮ.

ದರ್ಜಿ ಎದ್ದು ನಿಂತ. ನಿಂತರೆ ನೋವು ಹೆಚ್ಚಾಯಿತು. ಕೂತರೆ ಕೊಳವೆ ನೆನಪಾಯಿತು. ಕೊನೆಗೆ ಅರ್ಧ ಬಗ್ಗಿಕೊಂಡೇ ಒಪ್ಪಿಗೆ ಕೊಟ್ಟ.

ಮೊದಲು ಭೇದಿಯ ಔಷಧಿ ಕುಡಿಸಿ ಕರುಳು ತೊಳೆಯುವುದರಲ್ಲೇ ಅರ್ಧ ಜೀವ ಹೋಯಿತು. ಉಳಿದರ್ಧವನ್ನು ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿದರು. ಗೂಟಕ್ಕೆ ನೇತುಹಾಕಿದ್ದ ಕರಿಯ ಕೊಳವೆಯನ್ನು ಅವನು ಕಣ್ಣಿನಲ್ಲೇ ಅಳೆದ. ಬಾಯಿಂದ ಆಚೆ ಬಂದರೂ ಇನ್ನೂ ಮಿಗುವಷ್ಟಿತ್ತು.

"ಹೆಂಡತಿಗೆ ಒಂದು ಮಾತು ಹೇಳೋದಿತ್ತು," ಎಂದ.

"ಎಚ್ಚರ ಆದಮೇಲೆ ಹೇಳಿ," ಎಂದು ನರ್ಸು ಮಂಪರಿನ ಸೂಜಿ ಚುಚ್ಚಿದಳು.

ಎಚ್ಚರವಾದಾಗ ವಾರ್ಡಿನಲ್ಲಿದ್ದ. ನೋವು ಇಳಿದಿತ್ತು. ಸಂಜೆ ಹೆಂಡತಿಯ ಹಿಂದೆ ಅಂಗಡಿಯವರೂ ಬಂದರು. ದರ್ಜಿ ಮದುವೆಗಂಡಿನ ಹಾಗೆ ದಿಂಬಿಗೊರಗಿ ಕೂತ.

"ಎಲ್ಲಿ, ಹೊಲಿಗೆ ತೋರಿಸು," ಎಂದ ಇಸ್ತ್ರಿಯವನು.

"ಒಂದು ಗೀರೂ ಇಲ್ಲ. ನೋಡ್ಕೋ."

"ತೆಗೆದದ್ದನ್ನ ನಿನಗೆ ತೋರಿಸಿದ್ರಾ?" ಎಂದಳು ಅಕ್ಕ.

"ಕಲ್ಲು ಮಾತ್ರ ತೆಗೆದ್ರಂತೆ. ಅಪೆಂಡಿಕ್ಸನ್ನ ತೊಳೆದು ಅಲ್ಲೇ ಬಿಟ್ಟಿದ್ದಾರೆ."

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. "ಅಂದ್ರೆ ಅದು ಇನ್ನೂ ಒಳಗೇ ಇದೆಯಾ?"

"ನನ್ನದು ಹೋಗಿ ಎಷ್ಟೋ ವರ್ಷ ಆಯ್ತು," ಎಂದ ಇಸ್ತ್ರಿಯವನು. "ಮತ್ತೆ ಬರೋಕೆ ಒಳಗೆ ಏನಿದೆ?"

ಪಕ್ಕದ ಮಂಚದಲ್ಲಿ ನಿನ್ನೆ ಕೊಯ್ಸಿಕೊಂಡ ಲಾರಿ ಡ್ರೈವರು ಮಲಗಿದ್ದ. ಹೊಲಿಗೆ ಹಿಡಿದುಕೊಂಡು, "ನನ್ನ ಪೀಡೆಯೂ ತೊಲಗಿತು," ಎಂದು ಕಣ್ಣು ಮುಚ್ಚಿದ. ಅವನ ಮುಖದಲ್ಲಿದ್ದ ನೆಮ್ಮದಿಯನ್ನು ದರ್ಜಿ ಬಹಳ ಹೊತ್ತು ನೋಡಿದ.

ಡಾಕ್ಟರಮ್ಮ ಬಂದ ಕೂಡಲೇ ಕೇಳಿದ. "ಅಮ್ಮಾ, ಇದು ಮತ್ತೆ ಬರುತ್ತಾ?"

"ಸುಮಾರು ಜನಕ್ಕೆ ಬರಲ್ಲ. ಕೆಲವರಿಗೆ ಬರುತ್ತೆ. ಬಂದ್ರೆ ತಡಮಾಡದೆ ಬನ್ನಿ."

"ಯಾವಾಗ ಬರುತ್ತೆ?"

"ಅದನ್ನ ಯಾರಿಗೆ ಹೇಳೋಕಾಗುತ್ತೆ?"

ದರ್ಜಿ ಕೈಮುಗಿದ. "ಹಾಗಾದ್ರೆ ಈಗಲೇ ಕೊಯ್ದುಬಿಡಿ ಅಮ್ಮಾ. ಎಷ್ಟು ಬೇಕಾದ್ರೂ ದೊಡ್ಡದಾಗಿ ಕೊಯ್ಯಿರಿ."

"ನೋವಿದೆಯಾ?"

"ಇಲ್ಲ."

"ಜ್ವರ?"

"ಇಲ್ಲ."

"ಚೆನ್ನಾಗಿರೋ ಹೊಟ್ಟೆಯನ್ನ ನಾನು ಕೊಯ್ಯೋದಿಲ್ಲ," ಎಂದು ಡಾಕ್ಟರಮ್ಮ ಮುಂದಿನ ಮಂಚಕ್ಕೆ ಹೋದರು.

ಎಲ್ಲರೂ ಹೊರಟುಹೋದರು. ದರ್ಜಿ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಮಲಗಿದ ನಾಯಿಯನ್ನು ಎಬ್ಬಿಸಬಾರದು ಎನ್ನುವವನ ಹಾಗೆ ಮೆಲ್ಲಗೆ ಉಸಿರಾಡಿದ. ಒಳಗೆ ಏನೋ ಗುರ್ ಎಂದಿತು.

"ಸಿಸ್ಟರ್, ಬಂತು," ಎಂದು ಕೂಗಿದ.

ನರ್ಸು ಬಂದು ಕಿವಿಗೊಟ್ಟು ಕೇಳಿದಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲವಲ್ಲ. ಹಸಿವು ಅದು."

ದರ್ಜಿ ನಂಬಲಿಲ್ಲ.