ನಮ್ಮಜ್ಜಿ ವಿಭೂತಿ ಹಚ್ಚಿದ ಪ್ಲೇಟಿನ ಕುರಿತು

ಗುಣಮಟ್ಟ ವಿಭಾಗದ ಮುಖ್ಯಸ್ಥರಿಗೆ,
ತಿರುಗಣಿ ವಿನೈಲ್ ಕಂಪನಿ

ಮಾನ್ಯರೇ, ಮನುಷ್ಯರ ಕೊರಳನ್ನು ಕರಿ ತಟ್ಟೆಯೊಳಗೆ ಸುರುಳಿ ಸುತ್ತಿಡುವ ಮಹನೀಯರೇ,

ಮೊದಲಿಗೆ, ಈ ಪತ್ರ ಬರೆಯುತ್ತಿರುವುದಕ್ಕೇ ಕ್ಷಮೆ ಇರಲಿ. ನಾನು ಚನ್ನಗಿರಿಯಲ್ಲಿ ಬಿಎಸ್ಸಿ ಮೊದಲ ವರ್ಷ ಓದುತ್ತಿರುವವಳು. ಚಿಕ್ಕಂದಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದದ್ದರಿಂದ ನನ್ನಲ್ಲಿ ಕನ್ನಡ ಅರ್ಧ, ಇಂಗ್ಲಿಷ್ ಅರ್ಧ, ಮಿಕ್ಕಿದ್ದೆಲ್ಲ ಟೆನ್ಷನ್. ಅಧಿಕಾರಿಗಳಿಗೆ ಪತ್ರ ಬರೆಯುವುದನ್ನು ನಮಗೆ ಸ್ಕೂಲಿನಲ್ಲಿ ಕಲಿಸಿದ್ದು 'ನಮ್ಮ ಬೀದಿಗೆ ದೀಪ ಹಾಕಿಸಿಕೊಡಿ' ಎಂಬ ಒಂದೇ ವಿಷಯಕ್ಕೆ. ಆದ್ದರಿಂದ ಮಧ್ಯದಲ್ಲಿ ಎಲ್ಲಾದರೂ ಬೀದಿದೀಪ ನುಸುಳಿದರೆ ದಯವಿಟ್ಟು ವಿನೈಲ್ ಎಂದು ಓದಿಕೊಳ್ಳಿ. ಬಹಿರಂಗವಾಗಿ ಬರೆಯಲು ಕಾರಣವೇನೆಂದರೆ, ಖಾಸಗಿಯಾಗಿ ಕಳಿಸಿದ ಮೇಲ್‌ಗಳಿಗೆಲ್ಲ ತಮ್ಮ ಕಂಪ್ಯೂಟರು 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಆ ಕ್ಷಣವೇ ಉತ್ತರಿಸಿ, ನನ್ನನ್ನು ಪ್ರತಿ ಸಲವೂ ಸಂತೋಷಪಡಿಸಿ, ಸುಮ್ಮನಾಗಿಬಿಡುತ್ತದೆ.

ಊರಿಗೆ ಊರೇ ಫೋನಿನಲ್ಲಿ ಹಾಡು ಕೇಳುವ ಈ ಕಾಲದಲ್ಲಿ ತಾವು ಪ್ಲಾಸ್ಟಿಕ್ಕನ್ನು ಕಾಯಿಸಿ, ಮುದ್ದೆ ಮಾಡಿ, ಎರಡು ನಿಕ್ಕಲ್ ಅಚ್ಚುಗಳ ನಡುವೆ ಇಟ್ಟು ಅದುಮಿ, ಅಂಚು ಕತ್ತರಿಸಿ ಗ್ರಾಮಫೋನ್ ಪ್ಲೇಟು ತೆಗೆಯುವ ವಿಡಿಯೋವನ್ನು ನಾನೇ ನಮ್ಮಜ್ಜಿ ಶಂಕರಮ್ಮನಿಗೆ ತೋರಿಸಿದೆ. ಅಜ್ಜಿ ಕಣ್ಣರಳಿಸಿ ನೋಡಿ, "ಹಿಂಗೆ ಮುದ್ದೆ ಕಟ್ಟಾಕೆ ನಿಮ್ಮವ್ವಗೆ ಇನ್ನೂ ಬರಲ್ಲ ನೋಡು" ಎಂದಳು. ತಮ್ಮ ಉದ್ಯಮಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮ ಮನೆಯಲ್ಲಿ ಇಲ್ಲ.

ಹಳ್ಳಿಯ ಹಾಡುಗಳ ಪ್ಲೇಟು ಮಾಡುತ್ತೇವೆಂದು ತಾವು ಸವಳಂಗದ ಹತ್ತಿರದ ನಮ್ಮೂರಿಗೆ ಹುಡುಕಿಕೊಂಡು ಬಂದದ್ದು ನಮ್ಮ ಪುಣ್ಯ. ಅಜ್ಜಿಯೂ ಅವಳ ಜೊತೆಗಾತಿ ತಿಪ್ಪಮ್ಮನೂ ಸೋಬಾನೆ ಪದಕ್ಕೆ ಕೂತರೆಂದರೆ ಮದುವೆಮನೆಯ ಗಂಡಸರು ಇಸ್ಪೀಟು ಮಡಚಿಟ್ಟು ಕೇಳುತ್ತಾರೆ. ಜಗಳೂರಿನ ಬೀಗರು ಗಾಡಿ ಕಳಿಸಿ ಕರೆಸಿಕೊಳ್ಳುತ್ತಾರೆ. ಮನೆಯಲ್ಲಿ ಇಮೇಲ್ ಇದ್ದವಳು ನಾನೊಬ್ಬಳೇ ಆದ ಕಾರಣ ತಾವು ನನ್ನನ್ನು 'ಆರ್ಟಿಸ್ಟ್ ಕೋಆರ್ಡಿನೇಟರ್' ಮಾಡಿದಿರಿ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ರೆಕಾರ್ಡಿಂಗ್ ನಡೆದದ್ದು ನ್ಯಾಮತಿಯ ಕಲ್ಯಾಣ ಮಂಟಪದಲ್ಲಿ. ತಮ್ಮ ಸೌಂಡ್ ಇಂಜಿನಿಯರ್ ಸಾಹೇಬರು ಫ್ಯಾನು ನಿಲ್ಲಿಸಿದರು, ಕಿಟಕಿ ಮುಚ್ಚಿಸಿದರು, ಆಮೇಲೆ ಗಾಜಿನ ಬಳೆ ಸದ್ದು ಮೈಕಿಗೆ ಬೀಳುತ್ತದೆ, ತೆಗೆದಿಡಿ ಎಂದರು. ಮುತ್ತೈದೆಯರ ಕೈಬಳೆ ತೆಗೆಸುವುದಕ್ಕೆ ನಮ್ಮ ಕಡೆ ಬೇರೆಯದೇ ಸಂದರ್ಭ ಬರಬೇಕೆಂದು ಅವರಿಗೆ ಪಾಪ ಯಾರೂ ಹೇಳಿರಲಿಲ್ಲ. ತಿಪ್ಪಮ್ಮ ಮಾತ್ರ ಬಹಳ ಸಮಾಧಾನದಿಂದ, "ಏನಪ್ಪಾ, ನಮ್ಮ ಯಜಮಾನ್ರು ಮನ್ಯಾಗೆ ಗಟ್ಟಿಮುಟ್ಟಾಗಿ ಅದಾರೆ, ನೀನ್ಯಾಕೆ ಇಷ್ಟು ಅವಸರ ಮಾಡ್ತೀಯ?" ಎಂದು ವಿಚಾರಿಸಿದಳು. ಆಮೇಲೆ ಸಾಹೇಬರು ಬಳೆ ಇರಲಿ ಎಂದು ಒಪ್ಪಿ, ಇಬ್ಬರ ಮುಂಗೈಗೂ ಟವಲ್ ಸುತ್ತಿಸಿದರು. ಎಲುಬು ಮುರಿದು ಕಟ್ಟು ಹಾಕಿಸಿಕೊಂಡವರಂತೆ ಕೂತು ಇಬ್ಬರೂ ಅಲ್ಲಿಲ್ಲದ ಮದುಮಗಳನ್ನು ಹಾಡಿ ಹರಸಿದರು. ಆಕ್ಚುಲಿ ಸೋಬಾನೆಗೆ ಬೇರೆ ತಾಳವೇ ಇಲ್ಲ. ಹಾಡುತ್ತಾ ಕೈ ಬಡಿದಾಗ ಬಳೆಗಳು ಹಾಕುವುದೇ ತಾಳ. ಅದನ್ನು ಹೇಳಬೇಕಾಗಿದ್ದ ಕೋಆರ್ಡಿನೇಟರ್ ಕಂಬದ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಳು.

ಕೇಳಿ ಒಪ್ಪಿಗೆ ಕೊಡಿ ಎಂದು ತಾವು ಸ್ಯಾಂಪಲ್ ಪ್ಲೇಟು ಕಳಿಸಿದಿರಿ. ಹೊನ್ನಾಳಿಯಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟಿರುವ ಹಾಲಸ್ವಾಮಿ ಮಾವ, ಅಂದರೆ ಅಜ್ಜಿಯ ಮಗ, ಹಿಂದೆ ಮದುವೆಗಳಿಗೆ ಬಾಡಿಗೆ ಕೊಡುತ್ತಿದ್ದ ಪ್ಲೇಯರನ್ನು ಅಟ್ಟದಿಂದ ಇಳಿಸಿದರು. ತಮ್ಮ ಸೂಚನಾ ಪುಸ್ತಿಕೆಯನ್ನು ನಾನು ಅಜ್ಜಿಗೆ ಸಾಲು ಸಾಲು ಕನ್ನಡದಲ್ಲಿ ಹೇಳಿದೆ: ಬೆರಳು ತಾಗಿಸಬೇಡಿ, ಬಿಸಿಲಿಗೆ ಇಡಬೇಡಿ, ಒಂದರ ಮೇಲೊಂದು ಪೇರಿಸಬೇಡಿ. ವಿಭೂತಿ ಹಚ್ಚಬೇಡಿ ಎಂದು ಅದರಲ್ಲಿ ಎಲ್ಲೂ ಇಲ್ಲ, ಸಾರ್. ಹೊಸ ಟ್ರ್ಯಾಕ್ಟರಿಗೆ, ಹಿಟ್ಟಿನ ಗಿರಣಿಗೆ, ಮಾವನ ಆಂಪ್ಲಿಫೈಯರಿಗೆ ಮಾಡಿದಂತೆ ಅಜ್ಜಿ ಇದಕ್ಕೂ ಮಾಡಿದಳು. "ತಿರುಗೋ ಸಾಮಾನು, ಪೂಜೆ ಇಲ್ದೆ ತಿರುಗಿಸ್ಬಾರ್ದು" ಎಂದು ವಿಭೂತಿಯನ್ನು ನೀರಲ್ಲಿ ಕಲಸಿ ಪ್ಲೇಟಿನ ಈ ಅಂಚಿನಿಂದ ಆ ಅಂಚಿಗೆ ಮೂರು ಬೆರಳಲ್ಲಿ ಎಳೆದು, ನಡುವಿನ ಲೇಬಲ್ಲಿಗೆ ಕುಂಕುಮ ಇಟ್ಟಳು. ಪ್ಲೇಟಿನ ಕೆಳಗೆ ನಿಂಬೆಹಣ್ಣು ಇಡುವುದನ್ನು ಮಾವ ಕೈಮುಗಿದು ತಪ್ಪಿಸಿದರು.

ಮುಳ್ಳು ಇಳಿಯಿತು. ಒಣಗಿದ ವಿಭೂತಿ ಪಟ್ಟೆಗಳನ್ನು ದಾಟುವಾಗೆಲ್ಲ ಅದು ಚಟ್ ಚಟ್ ಚಟ್ ಎಂದಿತು. ಪ್ಲೇಟು ತಿರುಗಿತು, ಮತ್ತೆ ಚಟ್ ಚಟ್ ಚಟ್. ಒಂದು ಸಲವೂ ಲಯ ತಪ್ಪಲಿಲ್ಲ. ನಾನು ಸಾರಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಕುಣಿದೆದ್ದಳು. "ಏ ತಿಪ್ಪವ್ವ, ಕೇಳಿಸ್ತೇನೆ? ನಮ್ಮ ಬಳೆ ಸದ್ದು!" ಅದಕ್ಕೆ ತಿಪ್ಪಮ್ಮ, "ಹೂಂ ಕಣೆ, ಆ ಹುಡುಗ ಟವಲ್‌ನಾಗೆ ಕಟ್ಟಿ ಹಾಕಿದ್ನಲ್ಲ, ಬಿಚ್ಕೊಂಡು ಬಂದಾವೆ ನೋಡು" ಎಂದು ಪ್ಲೇಟಿಗೇ ದೃಷ್ಟಿ ತೆಗೆದಳು. ಮಾವ ಬ್ರಷ್ ತಂದಾಗ, "ಲೇ ಹಾಲಸ್ವಾಮಿ, ಅದನ್ನ ಒರೆಸಿದ್ರೆ ನನ್ನ ಮಗನೇ ಅಲ್ಲ ನೀನು" ಎಂಬ ಆದೇಶವಾಯಿತು.

ಇದೆಲ್ಲವನ್ನೂ ತಿಳಿಸಿದಾಗ ತಮ್ಮ ಕಡೆಯಿಂದ ಒಂದೇ ಒಂದು ಸಲ ಮನುಷ್ಯರು ಉತ್ತರಿಸಿದರು: ಅದು ಕಸ, ಒರೆಸಿಕೊಂಡು ಕೇಳಿ, ಸೋಮವಾರ ಯಂತ್ರ ಶುರುವಾಗುತ್ತದೆ. ತಮ್ಮ ಅಚ್ಚಿನಲ್ಲಿ ಬಳೆ ಇಲ್ಲ. ಅಂದರೆ ಮುಂದೆ ಬರುವ ಯಾವ ಪ್ಲೇಟಿನಲ್ಲೂ ಇರುವುದಿಲ್ಲ. ಅಜ್ಜಿಯ ತೀರ್ಮಾನವನ್ನು ಇದ್ದ ಹಾಗೇ ಒಪ್ಪಿಸುತ್ತೇನೆ: "ಬಳೆ ಇಲ್ದಂಗೆ ಬಂದ್ರೆ ನನ್ನ ಹೆಸ್ರು ಕೆರೆದು ಹಾಕಾಕೆ ಹೇಳು. ಬಾಣಂತಿ ಯಾರೋ ನಿದ್ದೆಗಣ್ಣಾಗೆ ಗುನುಗಿದ್ಲು ಅಂತ ಬರ್ಕೊಳ್ಳಲಿ."

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ. ಯಂತ್ರದಿಂದ ಬಿಸಿಬಿಸಿಯಾಗಿ ಬೀಳುವ ಪ್ರತಿ ಪ್ಲೇಟಿಗೂ ಮೂರೆಳೆ ವಿಭೂತಿ ಎಳೆಯಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಅವರು ಸ್ನಾನ ಮಾಡಿರಬೇಕು, ಬೆಳಿಗ್ಗೆ ಆಮ್ಲೆಟ್ ತಿಂದಿರಬಾರದು, ಅವರ ಬೆರಳು ಅಜ್ಜಿಯ ಬೆರಳಷ್ಟೇ ದಪ್ಪ ಇರಬೇಕು, ಇಲ್ಲವಾದರೆ ತಾಳ ಕೆಡುತ್ತದೆ. ತಾವು ಪ್ಲೇಟು ಮಾರುವ ಲಂಡನ್ನಿನ ಗಿರಾಕಿಗಳು ಗೊತ್ತಿಲ್ಲದೆ ಒರೆಸಿಬಿಟ್ಟಾರೆಂದು ಪ್ರತಿ ಕವರಿನಲ್ಲೂ ಒಂದು ವಿಭೂತಿ ಗಟ್ಟಿ ಇಡಬೇಕು. ಇದ್ಯಾವುದೂ ಸಾಧ್ಯವಿಲ್ಲವೆಂದರೆ, ಕೇಳಲು ನನಗೇ ನಾಚಿಕೆಯಾಗುವಷ್ಟು ಅಸಾಧ್ಯವಾದದ್ದೊಂದನ್ನು ಕೇಳುತ್ತೇನೆ: ಮೈಕು ಹಿಡಿದುಕೊಂಡು ಇನ್ನೊಮ್ಮೆ ನ್ಯಾಮತಿಗೆ ಬನ್ನಿ, ಟವಲ್ ಮಾತ್ರ ತರಬೇಡಿ, ಬಳೆ ಸಮೇತ ಹಾಡಿಸಿಕೊಂಡು ಹೊಸ ಅಚ್ಚು ಮಾಡಿ.

ಉಗುರು ಮುಗಿದು ಬೆರಳಿಗೆ ಬಂದಿರುವ,
ತಮ್ಮ ವಿಶ್ವಾಸಿ,
ಚೈತ್ರಶ್ರೀ
(ತಾವೇ ಮಾಡಿದ ಆರ್ಟಿಸ್ಟ್ ಕೋಆರ್ಡಿನೇಟರ್)

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ ಅಜ್ಜಿಯೂ ತಿಪ್ಪಮ್ಮನೂ ಬಟ್ಟೆಗಂಟು ಸಮೇತ ನಮ್ಮ ಹಾಸ್ಟೆಲ್ಲಿಗೇ ಬಂದಿಳಿದಿದ್ದಾರೆ. ಬಾಗಿಲಲ್ಲಿದ್ದ ಹಾಜರಿ ಯಂತ್ರಕ್ಕೆ ಅಜ್ಜಿ ಆಗಲೇ ವಿಭೂತಿ ಹಚ್ಚಿಯಾಗಿದೆ. ಅದು ಯಾರ ಹೆಬ್ಬೆಟ್ಟನ್ನೂ ಗುರುತಿಸುತ್ತಿಲ್ಲ, ಇಡೀ ಹಾಸ್ಟೆಲ್ ಇವತ್ತು ಗೈರುಹಾಜರು. ಇಬ್ಬರೂ ಕೇಳುತ್ತಿರುವುದು ಒಂದೇ: ತಮ್ಮ ಫ್ಯಾಕ್ಟರಿಗೆ ಯಾವ ಬಸ್ಸು? ತಮ್ಮ ಮೇಲಿನ ಗೌರವದಿಂದ ನಾನು ವಿಳಾಸವನ್ನು ಇನ್ನೂ ಹೇಳಿಲ್ಲ. ದಯವಿಟ್ಟು ಬೇಗ ಉತ್ತರ ಬರೆಯಿರಿ.