ಪಾಂಡಿಚೇರಿಗೆ ಹೊರಟ ಬೆನ್ನು

ಕದಿರೇಶನ ಬೆನ್ನು ಹಿಡಿದುಕೊಳ್ಳಲು ಕಾರಣ ಅವನ ಕಾಲೇಜಿನ ಉಮಾಶಂಕರ್ ಮೇಷ್ಟ್ರು. ರಜೆಯಲ್ಲಿ ಮಕ್ಕಳ ಆರೋಗ್ಯ ಕಾಪಾಡಿ, ಹೊರಗಿನ ನೀರು ಕುಡಿಸಬೇಡಿ ಅಂತ ಪುಣ್ಯಾತ್ಮರು ತಾಯಂದಿರಿಗೆಲ್ಲ ವಾಟ್ಸಾಪ್ ಕಳಿಸಿದ್ದರು. ಕದಿರೇಶನ ಅಮ್ಮ ಅಶ್ವತ್ಥಮ್ಮ ಅದನ್ನು ಓದಿದ್ದೇ ತಡ, ದೊಡ್ಡ ಕ್ಯಾನಿನ ತುಂಬ ಕಾಯಿಸಿ ಆರಿಸಿದ ನೀರು ತುಂಬಿಟ್ಟಳು.

"ಪಾಂಡಿಚೇರಿಗೆ ಹೋಗೋದಾದ್ರೆ ಇದನ್ನ ಎತ್ಕೊಂಡೋಗು. ಮೈಯಲ್ಲಿ ಒಂದು ನೋವು ಕಂಡ್ರೂ ಹೊಸ್ಲು ದಾಟಂಗಿಲ್ಲ!"

ಕದಿರೇಶ ಎತ್ತಿದ. ಬೆನ್ನು ಕಳಕ್ ಅಂತು. ಬಗ್ಗಿದವನು ಬಗ್ಗಿದ ಹಾಗೇ ನಿಂತ.

ಹುಟ್ಟಿದಾಗಿನಿಂದ ಸಮುದ್ರ ಕಂಡವನಲ್ಲ ಪಾಪ. ಸಂಜೆ ಮುಳಬಾಗಿಲಲ್ಲಿ ಗೆಳೆಯರು ಬಸ್ಸಿಗೆ ಕಾಯುತ್ತಿರುತ್ತಾರೆ. ಅಮ್ಮನಿಗೆ ಗೊತ್ತಾದರೆ ಎಲ್ಲಾ ಮುಗೀತು. ಸಟ್ಟನೆ ಅವಳ ಪಾದ ಮುಟ್ಟಿ, "ಆಶೀರ್ವಾದ ಮಾಡಮ್ಮಾ" ಅಂದ. ಅಶ್ವತ್ಥಮ್ಮನ ಕಣ್ಣು ಒದ್ದೆಯಾಯಿತು. ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಇವನು ಬಗ್ಗಿಕೊಂಡೇ ಬೀದಿಗೆ ಬಿದ್ದ.

"ಏನ್ಲಾ ಹುಡುಕ್ತಿದೀಯಾ?" ಅಂದಳು ಪಕ್ಕದ ಮನೆಯ ಗಂಗಾಲಕ್ಷ್ಮಿ.

"ಬೆನ್ನು ಹಿಡ್ಕೊಂಡದೆ ಅಕ್ಕಾ. ಅಮ್ಮಂಗೆ ಹೇಳ್ಬೇಡ."

"ಅಷ್ಟೇನಾ! ಕಾಲು ಮುಂದಾಗಿ ಹುಟ್ಟಿದೋರ ಹತ್ರ ಒಂದು ಒದೆ ತಿಂದ್ರೆ ಬಿಟ್ಟೋಗ್ತದೆ. ಲೇ ಆಂಜೀ, ಬಾರೋ ಇಲ್ಲಿ!"

ಹಾಲು ಹಾಕಲು ಡೇರಿಗೆ ಹೊರಟಿದ್ದ ಆಂಜಿ ಬಂದವನೇ ಒದ್ದ. ಕದಿರೇಶ ಹಾರಿ ಟೊಮ್ಯಾಟೊ ಕ್ರೇಟುಗಳ ಮೇಲೆ ಬಿದ್ದ. ಬೆನ್ನು ಮಾತ್ರ ಬಿಡಲಿಲ್ಲ.

"ಕಾಲು ಮುಂದಾಗಿ ಹುಟ್ಟಿದ್ದು ನೀನೇ ತಾನೇ?"

"ಇಲ್ಲಕ್ಕಾ. ನೀನು ಕರೆದೆ, ನಾನು ಒದ್ದೆ."

ಕಟ್ಟೆಯ ಮೇಲಿದ್ದ ಕೋದಂಡರಾಮಪ್ಪ ಪಂಚೆ ಎತ್ತಿ ಕಟ್ಟಿದರು. "ಒರೇ ನಾಯನಾ, ತಿರುಗು ಮಗಾ. ಹಂಗೆ ಹುಟ್ಟಿದ್ದು ನಾನು ಅಂತ ನೆನಪು." ಒದೆಯಲು ಕಾಲೆತ್ತಿದರು, ಅವರ ಬೆನ್ನೂ ಕಳಕ್ ಅಂತು. ಈಗ ಬೀದಿಯಲ್ಲಿ ಇಬ್ಬರು ಬಗ್ಗಿ ನಿಂತರು.

ಗಲಾಟೆಗೆ ಅಶ್ವತ್ಥಮ್ಮ ಓಡಿ ಬಂದಳು. "ಯಾರು ನನ್ನ ಮಗನ್ನ ಒದ್ದೋರು? ಈ ತಾಯಲೂರಲ್ಲಿ ಕಾಲು ಮುಂದಾಗಿ ಹುಟ್ಟಿದೋನು ಇವನೊಬ್ಬನೇ! ಊರೋರೆಲ್ಲ ಬಾಗಿಲಿಗೆ ಬರ್ತಾರೆ, ಓದು ಕೆಡ್ತದೆ ಅಂತ ಇಷ್ಟು ವರ್ಷ ಬಾಯ್ಮುಚ್ಕೊಂಡಿದ್ದೆ..."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಏನು ಪ್ರಯೋಜನ? ಬೀದಿಯವರೆಲ್ಲ ಮೆಲ್ಲಗೆ ಸೊಂಟಕ್ಕೆ ಕೈ ಕೊಟ್ಟಿದ್ದರು.

"ಮೊದಲು ನಂದು!" ಎಂದು ಕೋದಂಡರಾಮಪ್ಪ ಬೆನ್ನು ತೋರಿಸಿದರು. ಬಗ್ಗಿದ ಕದಿರೇಶ ಕತ್ತೆಯ ಹಾಗೆ ಹಿಂದಕ್ಕೆ ಒದ್ದ. ಮುದುಕರು ನೆಟ್ಟಗೆ ನಿಂತುಬಿಟ್ಟರು! ಸಾಲು ಮಾರಮ್ಮನ ಗುಡಿಯವರೆಗೂ ಬೆಳೆಯಿತು.

"ಅಕ್ಕಾ, ನನ್ ಬೆನ್ನು?"

"ನಿಂಗೆ ನೀನೇ ಒದ್ಕೊಳ್ಳೋಕಾಗ್ತದೇನೋ?" ಅಂದಳು ಗಂಗಾಲಕ್ಷ್ಮಿ, ಸಾಲಿನಲ್ಲಿ ನಿಂತು.

ಪಾಂಡಿಚೇರಿ ಬಸ್ಸು ಹೊರಟೇ ಹೋಯಿತು. ಅಶ್ವತ್ಥಮ್ಮ ಕಾಲೇಜಿನ ಮೇಷ್ಟ್ರಿಗೆ ಮೆಸೇಜು ಹಾಕಿದಳು: "ಮಗ ಎಲ್ಲೂ ಹೋಗಲ್ಲ ಸಾರ್. ರಜೆ ಮುಗಿಯೋವರ್ಗೂ ಊರಲ್ಲೇ ಇದ್ದು ಎಲ್ಲರ ಬೆನ್ನಿಗೆ ಒದೀತಾನೆ."

ಉಮಾಶಂಕರ್ ಮೇಷ್ಟ್ರ ಉತ್ತರ ತಕ್ಷಣ ಬಂತು: "ಬಹಳ ಸಂತೋಷ. ನನಗೂ ಆರು ತಿಂಗಳಿಂದ ಬೆನ್ನುನೋವು. ನಾಳೆ ಬರಲಾ?"

ಕದಿರೇಶ ನೆಲ ನೋಡುತ್ತಲೇ ಬಲಗಾಲು ನೀವಿಕೊಂಡ. "ಬರೋಕೆ ಹೇಳಮ್ಮಾ," ಅಂದ.