ಹಂಡೆ ಒಲೆಯ ಪಕ್ಕದ ತಗಡು

ತಿಳಿಯದೆ ಮಾಡಿದ ತಪ್ಪಿಗೆ ಹೇಗೋ ಕ್ಷಮೆ ಉಂಟು. ಇಪ್ಪತ್ತು ವರ್ಷ ಅದನ್ನೇ ಪಾಠ ಮಾಡಿ, ಆಮೇಲೆ ಮಾಡಿದ ತಪ್ಪಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ನನಗಿನ್ನೂ ಗೊತ್ತಾಗಿಲ್ಲ. ನಾನು ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಚಳ್ಳಕೆರೆಯಲ್ಲಿ. ಶಾಖ ಹೇಗೆ ಹರಡುತ್ತದೆ ಅಂತ ಬೋರ್ಡಿನ ಮೇಲೆ ಬಾಣ ಬರೆದು ಬರೆದು ನಾನು ಸವೆಸಿದ ಸೀಮೆಸುಣ್ಣಕ್ಕೆ ಲೆಕ್ಕವಿಲ್ಲ.

ದಿನಾ ಓಡಾಡುವ ನನ್ನ ಹಳೇ ಕಾರಿನ ಎಂಜಿನ್ ಪಕ್ಕ, ಬಿಸಿ ಹೊಗೆ ಹೊರಗೆ ಹೋಗುವ ಕೊಳವೆಗೆ ಮರೆಯಾಗಿ ಒಂದು ತಗಡಿತ್ತು. ಕಾರು ಅರವತ್ತು ದಾಟಿದರೆ ಸಾಕು, ಅದು ಜಿರ್ರೆನ್ನಲು ಶುರು ಮಾಡುತ್ತಿತ್ತು. ದಾರಿಯಲ್ಲಿ ಸಿಗುವ ತಳಕು ಊರು ದಾಟುವಷ್ಟರಲ್ಲಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ಭಾನುವಾರ ಸ್ಪಾನರ್ ಹಿಡಿದು ಕೂತೆ. ತಗಡು ಕಿತ್ತು ಕಾಂಪೌಂಡಿನ ಮೂಲೆಗೆ ಎಸೆದು, "ಮೆಕ್ಯಾನಿಕ್ ಹಂಗಿಲ್ದೆ ಮಾಡ್ದೆ ನೋಡು" ಅಂತ ಅವ್ವನ ಮುಂದೆ ಬೀಗಿದ್ದೂ ಆಯಿತು. ಅವ್ವ ಅದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

ಮೂರು ತಿಂಗಳಿಗೆ ಕಾರಿಗೆ ಚಳಿಜ್ವರ ಬಂತು. ಸರ್ಕಲ್ಲಿನಲ್ಲಿ ನಿಂತರೆ ಸ್ಟೀರಿಂಗ್ ಹಿಡಿದ ನನ್ನ ಕೈಯೂ ನಡುಗುತ್ತಿತ್ತು. ನಮ್ಮ ಸ್ಕೂಲಿನವರ ಗಾಡಿಗಳನ್ನೆಲ್ಲ ನೋಡುವ ಮೊಳಕಾಲ್ಮೂರಿನ ಓಬಣ್ಣ, ಎಂಜಿನ್ನಿನ ಭಾರ ಹೊರುವ ಮೌಂಟಿಂಗ್ ರಬ್ಬರ್ ಬಿರಿದಿದೆ ಅಂತ ಹೊಸದು ಹಾಕಿದ. ಬೆಲ್ ಹೊಡೀತದೆ, ಬೇಗ ಮುಗಿಸು ಅಂತ ಅವನ ತಲೆಯ ಮೇಲೆ ನಿಂತವನು ನಾನೇ. ಎರಡೇ ತಿಂಗಳಿಗೆ ಆ ರಬ್ಬರೂ ಹೋಯಿತು. ಆಗ ಸ್ಟಾಫ್ ರೂಮಿನಲ್ಲಿ ಟೀ ಹೀರುತ್ತಾ, "ಓಬಣ್ಣ ಡೂಪ್ಲಿಕೇಟ್ ಮಾಲು ಹಾಕ್ತಾನ್ರೀ" ಎಂದೆ. ಎಲುಬಿಲ್ಲದ ನಾಲಿಗೆ. ಅದೇ ವಾರ ಇಬ್ಬರು ತಮ್ಮ ಕಾರುಗಳನ್ನು ಬೇರೆ ಗ್ಯಾರೇಜಿಗೆ ಬಿಟ್ಟರು.

ಮಾತು ಓಬಣ್ಣನ ಕಿವಿಗೆ ಬಿತ್ತು. ಮುಂದಿನ ಭಾನುವಾರ ಚೀಲದಲ್ಲಿ ಸಾಮಾನು ಹಾಕಿಕೊಂಡು, ಬಸ್ ಹತ್ತಿ ಮನೆಗೇ ಬಂದ. ಕಾರಿನ ಕೆಳಗೆ ತೂರಿ ಬಹಳ ಹೊತ್ತು ನೋಡಿದ.

"ಸಾರ್, ಇಲ್ಲೊಂದು ತಗಡು ಇರ್ಬೇಕಿತ್ತು. ಅದಿಲ್ದೆ ಕೊಳವೆ ಕಾವು ಸೀದಾ ರಬ್ಬರಿಗೇ ಬಡೀತೈತೆ. ಎಂಥ ಮಾಲು ಹಾಕಿದ್ರೂ ಬೆಂದು ಹೋಗ್ತೈತೆ."

ಆ ಕ್ಷಣವೇ ನನಗೆಲ್ಲ ನೆನಪಾಯಿತು. ಆದರೂ ಬಾಯಿಂದ ಬಂದದ್ದು ಬೇರೆ. "ಹೋದ ಸಲ ಬಿಚ್ಚಿದಾಗ ನೀನೇ ಹಾಕೋದು ಮರ್ತಿರ್ಬೇಕು ಕಣೋ."

ಓಬಣ್ಣ ತನ್ನ ಮೇಲೇ ಅನುಮಾನ ಬಂದವನಂತೆ ಕೂತ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಆಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದ, ಅವನ ಹಿಂದೆ ಸೋಪು ಹಿಡಿದು ನಾನು. ಅಲ್ಲಿ ಅವ್ವ ಹಂಡೆ ಒಲೆಗೆ ಶೇಂಗಾ ಸಿಪ್ಪೆ ಹಾಕುತ್ತಿದ್ದಳು. ಒಲೆಗೂ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೂ ನಡುವೆ ನನ್ನ ಕಾರಿನ ತಗಡು ನಿಂತಿತ್ತು.

"ಅವ್ವ, ಇದನ್ಯಾಕೆ ಇಲ್ಲಿ ಇಟ್ಟೀರಿ?" ಅಂದ ಓಬಣ್ಣ.

"ಒಲೆ ಕಾವಿಗೆ ಡ್ರಮ್ಮು ಮೆತ್ತಗಾಗ್ತಿತ್ತು ಕಣಪ್ಪ. ನಡುವೆ ಏನಾರ ಅಡ್ಡ ಇರ್ಬೇಕಲ್ಲ. ನಮ್ಮ ಮೇಷ್ಟ್ರು ಕಾರಿಂದ ಕಿತ್ತು ಬಿಸಾಕಿದ್ದ."

ಓಬಣ್ಣ ನನ್ನ ಕಡೆ ತಿರುಗಲಿಲ್ಲ. ನಿಧಾನವಾಗಿ ಕೈ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಂಡ. "ಸಾರ್, ರಬ್ಬರ್ ಹಾಕ್ತೀನಿ, ಬೇರೆ ತಗಡೂ ಮಾಡ್ಸಿ ಹಾಕ್ತೀನಿ. ಸ್ಕೂಲಲ್ಲಿ ಒಂದು ಮಾತು ಹೇಳ್ಬಿಡ್ರಿ, ಅಷ್ಟೇ."

ಅವನ ಹೆಸರು ಕೆಡಿಸಲು ನನಗೆ ಅರ್ಧ ಲೋಟ ಟೀ ಸಾಕಾಗಿತ್ತು. ಆ ಒಂದು ಮಾತು ಹೇಳಲು ಎಂಟು ದಿನ ಬೇಕಾಯಿತು. ಕೊನೆಗೊಮ್ಮೆ ಎಲ್ಲರೂ ಇದ್ದಾಗ, ತಗಡು ಕಿತ್ತದ್ದನ್ನೂ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. ಯಾರೂ ನಗಲಿಲ್ಲ, ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಡ್ರಾಯಿಂಗ್ ಮೇಷ್ಟ್ರು ಮಾತ್ರ ಮೆಲ್ಲಗೆ, "ಶಾಖದ ಪಾಠ ನೀವೇ ಅಲ್ವಾ ಮಾಡೋದು?" ಅಂದರು. ಆ ಇಬ್ಬರ ಕಾರುಗಳು ಓಬಣ್ಣನ ಶೆಡ್ಡಿಗೆ ವಾಪಸ್ ಬಂದವು.

ಹೊಸ ತಗಡೂ ಅರವತ್ತು ದಾಟಿದರೆ ಜಿರ್ರೆನ್ನುತ್ತದೆ. ಒಂದು ಬೋಲ್ಟ್ ಬಿಗಿ ಮಾಡಿದರೆ ನಿಲ್ಲುತ್ತದಂತೆ. ನಾನು ಮುಟ್ಟಲು ಹೋಗಿಲ್ಲ. ಅವ್ವ ಹೇಗೂ ನನ್ನ ಸ್ಪಾನರನ್ನು ಎತ್ತಿಟ್ಟಿದ್ದಾಳೆ.